ನಡುವಿನ ಸೀಟು

ಡಿಪೋದಲ್ಲಿ ಅವನಿಗೆ ಸೈಲೆನ್ಸರ್ ಎಂದು ಹೆಸರಿಟ್ಟವನು ಮೆಕ್ಯಾನಿಕ್. ಸದ್ದು ಹೊರಗೆ ಬರುವುದಿಲ್ಲ, ಮುಟ್ಟಿದರೆ ಮಾತ್ರ ಕೈ ಸುಡುತ್ತದೆ ಎಂಬುದು ಆ ಹೆಸರಿನ ಅರ್ಥ. ಬಸ್ಸಿನ ಸ್ಟೇರಿಂಗ್ ಹಿಡಿದಾಗ ಅವನಷ್ಟು ತಣ್ಣಗಿರುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಬೈಕಿನವನು ಅಡ್ಡ ನುಗ್ಗಿದರೂ ಬೈಗುಳವಿಲ್ಲ, ಹಿಂದೆ ಜನ ಕೂಗಾಡಿದರೂ ತಿರುಗಿ ನೋಡುವುದಿಲ್ಲ. ಆದರೆ ಹೆಂಡತಿ ಯಾವನಾದರೂ ಗಂಡಸಿನ ಜೊತೆ ನಗುನಗುತ್ತಾ ಎರಡು ಮಾತಾಡಿದಳೆಂದರೆ ಸಾಕು, ಹೊಟ್ಟೆಯೊಳಗೆ ಕೊಳ್ಳಿ ಇಟ್ಟ ಹಾಗಾಗುತ್ತಿತ್ತು.

ಹೆಂಡತಿ ಶಿಶುವಿಹಾರದಲ್ಲಿ ಟೀಚರ್. ಬೀದಿಗೆಲ್ಲ ಅವಳು ಟೀಚರ್ರೇ. ಮಾತೆಂದರೆ ಅವಳಿಗೆ ಪ್ರಾಣ. ಪೇಪರ್ ಹಾಕುವವನ ಮಗಳ ಪರೀಕ್ಷೆ, ಟೈಲರನ ಬೆನ್ನುನೋವು, ಮೇಲಿನ ಮನೆಯ ಮುದುಕರ ಬೆಕ್ಕು, ಎಲ್ಲದರ ಸುದ್ದಿಯೂ ಅವಳಿಗೆ ಬೇಕು. ನಕ್ಕರೆ ಪಕ್ಕದ ಮನೆಯವರೂ ಏನೆಂದು ತಿಳಿಯದೆ ನಗಬೇಕು, ಅಂಥ ನಗು. ಸೈಲೆನ್ಸರ್ ಜಗಳ ಕಾಯುತ್ತಿರಲಿಲ್ಲ. ಮುಖ ಊದಿಸಿಕೊಂಡು ಕೂರುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. "ನಿಮ್ಮ ಹೊಟ್ಟೇಲಿ ಒಲೆ ಆರೋದೇ ಇಲ್ವಲ್ಲ, ಮೇಲೊಂದು ಪಾತ್ರೆ ಇಟ್ಟಿದ್ರೆ ಸ್ನಾನಕ್ಕೆ ನೀರಾದ್ರೂ ಕಾಯ್ತಿತ್ತು" ಎಂದು ಮೊದಮೊದಲು ಅವಳು ತಮಾಷೆ ಮಾಡುತ್ತಿದ್ದಳು. ಬರಬರುತ್ತ ಆ ತಮಾಷೆಯನ್ನು ಬಿಟ್ಟಳು. ಬಿಟ್ಟದ್ದು ಅವನ ಗಮನಕ್ಕೆ ಬರಲಿಲ್ಲ.

ಆ ವರ್ಷ ಸಾರಿಗೆ ಸಂಸ್ಥೆಯವರು ಒಂದೂ ಅಪಘಾತ ಮಾಡದೆ ಬಸ್ ಓಡಿಸಿದ ಡ್ರೈವರುಗಳಿಗೆ ಬಹುಮಾನ ಕೊಟ್ಟರು. ಅವನ ಪಾಲಿಗೆ ಬಂದದ್ದು ಗಂಡಹೆಂಡತಿ ಇಬ್ಬರೂ ವಿಮಾನದಲ್ಲಿ ಸಮುದ್ರದ ಊರೊಂದಕ್ಕೆ ಹೋಗಿ, ಸಂಸ್ಥೆಯ ಅತಿಥಿಗೃಹದಲ್ಲಿ ಇದ್ದು ಬರುವ ಯೋಗ. ಸುದ್ದಿ ಹೇಳಿದಾಗ ಟೀಚರ್ ಮಕ್ಕಳ ಮುರಿದ ಬಣ್ಣದ ಕಡ್ಡಿಗಳನ್ನು ಬೇರ್ಪಡಿಸುತ್ತಾ ಕೂತಿದ್ದಳು. ತಲೆಯೆತ್ತಿ ಕೇಳಿದ ಮೊದಲ ಮಾತು, "ಕಿಟಕಿ ಪಕ್ಕ ಸಿಗುತ್ತಾ ರೀ?"

ಅದಕ್ಕೆ ಕಾರಣವಿತ್ತು. ಅವಳ ಅಕ್ಕನನ್ನು ಭಾವ ಹಿಂದೆಯೇ ವಿಮಾನ ಹತ್ತಿಸಿದ್ದ. ಅಕ್ಕ ಬಂದಾಗಲೆಲ್ಲ ಮೋಡ ಹೇಗಿತ್ತು, ನದಿ ಹೇಗೆ ಹೊಳೆಯಿತು ಎಂದು ವರ್ಣಿಸಿ, "ನಮ್ಮವರು ಒಂದೊಂದೂ ಬೆರಳು ಮಾಡಿ ತೋರಿಸಿದ್ರು ಕಣೇ" ಎಂದು ಮುಗಿಸುತ್ತಿದ್ದಳು. ಟೀಚರ್ ಬಾಯಿ ಬಿಟ್ಟು ಕೇಳುತ್ತಿದ್ದಳು. ಆ ಷಡ್ಡಕನ ಬೆರಳು ಸೈಲೆನ್ಸರನಿಗೆ ಕಣ್ಣಿಗೆ ಚುಚ್ಚಿದ ಹಾಗಿರುತ್ತಿತ್ತು. ಈಗ ತನ್ನ ಸರದಿ ಬಂತು. ತಾನೂ ತೋರಿಸಬೇಕು, ಅವನಿಗಿಂತ ಒಂದು ಕೈ ಮೇಲಾಗಿ ತೋರಿಸಬೇಕು ಎಂದು ನಿಶ್ಚಯಿಸಿದ.

ಮೆಕ್ಯಾನಿಕ್ ಒಂದೆರಡು ಸಲ ವಿಮಾನ ಹತ್ತಿದವನು. ಅವನನ್ನು ಚಹಾದಂಗಡಿಗೆ ಕರೆದುಕೊಂಡು ಹೋಗಿ ಸೈಲೆನ್ಸರ್ ವಿಚಾರಿಸಿದ.

"ರೆಕ್ಕೆ ಹತ್ರ ತಗೋಬೇಡ. ದುಡ್ಡು ಕೊಟ್ಟು ತಗಡು ನೋಡ್ಕೊಂಡು ಹೋದ ಹಾಗಾಗುತ್ತೆ" ಎಂದ ಮೆಕ್ಯಾನಿಕ್. "ರೆಕ್ಕೆಗಿಂತ ಮುಂದೆ ತಗೋ. ಹೋಗುವಾಗ ಎಡಗಡೆ, ಸಮುದ್ರ ಆ ಕಡೇನೇ ಬರೋದು. ಬೆಳಗಿನ ಬಿಸಿಲೂ ಆ ಕಡೆಯಿಂದ ಕಣ್ಣಿಗೆ ಹೊಡೆಯಲ್ಲ. ಆಮೇಲೆ ಇನ್ನೊಂದು ಗುಟ್ಟು. ಹೆಂಡತಿಗೆ ಕಿಟಕಿ, ನಿನಗೆ ಓಡಾಡೋ ದಾರಿ ಪಕ್ಕದ್ದು ತಗೋ. ನಡುವಿನದು ಬಿಡು."

"ಬಿಟ್ರೆ?"

"ಒಂಟಿ ನಡುವಿನ ಸೀಟು ಯಾರು ತಗೋತಾರೆ? ಖಾಲಿ ಉಳಿಯುತ್ತೆ. ಬಾಗಿಲು ಹಾಕಿದ ಮೇಲೆ ಸರಕ್ಕಂತ ಜರುಗಿಬಿಡು. ಮೂರು ಸೀಟೂ ನಿಮ್ಮದೇ, ರಾಜನ ಹಾಗೆ ಹೋಗಬಹುದು."

ಸೀಟು ಆರಿಸುವ ಹೊತ್ತಿಗೆ ಮಗಳು ಫೋನ್ ಹಿಡಿದು ಕೂತು, "ಪಕ್ಕಪಕ್ಕ ಕೂತ್ಕೊಳ್ಳಿ ಅಪ್ಪಾ, ನಡುವೆ ಯಾಕೆ ಬಿಡ್ತೀರಿ?" ಎಂದಳು. "ನಿನಗೆ ಗೊತ್ತಾಗಲ್ಲ, ಹೇಳಿದಷ್ಟು ಮಾಡು" ಎಂದ. ರೆಕ್ಕೆಯ ಮುಂದೆ, ಎಡಗಡೆ, ಕಿಟಕಿಯದೊಂದು, ದಾರಿಯದೊಂದು. ಪರದೆಯ ಮೇಲೆ ನಡುವಿನ ಚೌಕ ಖಾಲಿಯಾಗಿ ಉಳಿದದ್ದನ್ನು ನೋಡಿ ಅವನಿಗೆ ತನ್ನ ಜಾಣತನದ ಮೇಲೆ ತನಗೇ ಪ್ರೀತಿ ಉಕ್ಕಿತು.

ಅಂದಿನಿಂದ ಟ್ರಿಪ್ಪಿನ ನಡುವೆ ಬಿಡುವು ಸಿಕ್ಕಾಗಲೆಲ್ಲ ಸ್ಟೇರಿಂಗಿಗೆ ಫೋನ್ ಒರಗಿಸಿ ನಕ್ಷೆ ನೋಡತೊಡಗಿದ. ಊರು ದಾಟಿದ ಮೇಲೆ ಕೆರೆ, ಆಮೇಲೆ ಅಣೆಕಟ್ಟಿನ ಹಿನ್ನೀರು, ಆಮೇಲೆ ಬೆಟ್ಟಗಳ ಸಾಲು, ನದಿ ಕವಲೊಡೆಯುವ ಜಾಗ, ಕೊನೆಗೆ ಸಮುದ್ರ, ಸಮುದ್ರದೊಳಗೆ ದೀಪಸ್ತಂಭವಿರುವ ಪುಟ್ಟ ದ್ವೀಪ. ಶಾಲೆಯಲ್ಲಿ ಮಗ್ಗಿ ಕಲಿಯದವನು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ಹೆಂಡತಿಗೆ ಒಂದಕ್ಷರ ಹೇಳಲಿಲ್ಲ. ಮೇಲೆ ಹೋದಮೇಲೆ ಒಂದೊಂದಾಗಿ ತೆಗೆದು ಕೊಡಬೇಕೆಂದು ಒಳಗೇ ಕಟ್ಟಿಟ್ಟುಕೊಂಡ.

ಹೊರಡುವ ದಿನ ಟೀಚರ್ ಎಲ್ಲರಿಗಿಂತ ಮೊದಲು ಎದ್ದು ಸಿದ್ಧಳಾಗಿದ್ದಳು. ವಿಮಾನ ಹೊರಡುವುದು ತಡವಾಯಿತು. ಹತ್ತಿ ಕೂತ ಮೇಲೆ ಅವಳು ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಳು. ಸೈಲೆನ್ಸರ್ ದಾರಿ ಪಕ್ಕ ಕೂತು ಬರುವವರನ್ನೆಲ್ಲ ಅಳೆಯುತ್ತಿದ್ದ. ಒಬ್ಬೊಬ್ಬರೂ ಮುಂದೆ ಸಾಗಿದಾಗ ಒಳಗೆ ಹಗುರ. ಇನ್ನೇನು ಬಾಗಿಲು ಹಾಕುತ್ತಾರೆ ಎನ್ನುವಾಗ ನರೆತ ಗಡ್ಡವನ್ನು ಒಪ್ಪವಾಗಿ ಕತ್ತರಿಸಿಕೊಂಡ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯನೊಬ್ಬ ಏದುಸಿರು ಬಿಡುತ್ತಾ ಬಂದು, ಸೀಟಿನ ಅಂಕಿ ನೋಡಿ, "ಸ್ವಲ್ಪ ಜಾಗ ಕೊಡ್ತೀರಾ? ನಡುವಿನದು ನನ್ನದು" ಎಂದ.

ಆ ಮನುಷ್ಯ ಕೂತು, ಬೆಲ್ಟು ಹಾಕಿಕೊಂಡು, ಎರಡೂ ಕಡೆ ನೋಡಿದ. "ನೀವಿಬ್ಬರೂ ಜೊತೆಗಾ? ಬೇಕಾದ್ರೆ ನಾನು ದಾರಿ ಪಕ್ಕ ಬರ್ತೀನಿ, ನೀವು ಈ ಕಡೆ ಬನ್ನಿ."

ಸೈಲೆನ್ಸರ್ ಹೂಂ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಟೀಚರ್, "ಪರವಾಗಿಲ್ಲ ಸರ್, ಇವರಿಗೆ ಮಂಡಿ ನೋವು. ಕ್ಲಚ್ ತುಳಿದೂ ತುಳಿದೂ ಬಂದಿದ್ದು. ಕಾಲು ಚಾಚಿಕೊಳ್ಳೋಕೆ ಆ ಸೀಟೇ ಅನುಕೂಲ" ಎಂದಳು.

ಮಂಡಿನೋವು ನಿಜ. ಅವಳು ಅಂದದ್ದು ಅಕ್ಕರೆಯಿಂದ ಎಂಬುದೂ ನಿಜ. ಆದರೆ ಅವನ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು. ಆ ಮನುಷ್ಯನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಲು ಇವಳಿಗೇಕೆ ಇಷ್ಟು ಅವಸರ? ಬಾಯಿ ಮುಚ್ಚಿಕೊಂಡ. ಬೇಕೆಂದಿದ್ದರೆ ಆಗಲೂ ಒಂದು ಮಾತು ಸಾಕಿತ್ತು. ಅಭಿಮಾನ ಬಿಡಲಿಲ್ಲ.

ವಿಮಾನ ಮೇಲೇರಿತು. ಟೀಚರ್ ಹಣೆಯನ್ನು ಗಾಜಿಗೆ ಒತ್ತಿ, "ಅಯ್ಯೋ, ಮನೆಗಳೆಲ್ಲ ಬೆಂಕಿಪೊಟ್ಟಣ ಆಗೋಯ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕದವನು ನಕ್ಕು, ತಾನು ಮೊದಲ ಸಲ ಹತ್ತಿದಾಗ ಹೆದರಿ ಕಣ್ಣೇ ಬಿಡಲಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಆತ ಸರ್ವೇಯರ್ ಅಂತೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಳಗಿನ ಸೀಮೆಯನ್ನೆಲ್ಲ ಸರಪಳಿ ಹಿಡಿದು ಅಳೆದವನಂತೆ. ಟೀಚರ್‌ಗೆ ಇನ್ನೇನು ಬೇಕು?

"ಹಾಗಾದ್ರೆ ಅದೇನು ಸರ್, ಹೊಳೀತಿದೆಯಲ್ಲ?"

ಸೈಲೆನ್ಸರ್ ಕತ್ತು ಚಾಚಿದ. ಅವನಿದ್ದಲ್ಲಿಂದ ಕಂಡದ್ದು ಸರ್ವೇಯರನ ಕಿವಿ, ಹೆಂಡತಿಯ ಜಡೆ, ಅಂಗೈಯಗಲ ಬೆಳಕು. ಆದರೂ ಪಾಠ ನೆನಪಿತ್ತು. ಮೇಲೇರಿ ಇಷ್ಟು ಹೊತ್ತಾಯಿತು, ಕೆರೆ ದಾಟಿರಬೇಕು ಎಂದು ಲೆಕ್ಕ ಹಾಕಿ, ಸರ್ವೇಯರ್ ಬಾಯಿ ತೆರೆಯುವ ಮೊದಲೇ, "ಅದು ಅಣೆಕಟ್ಟಿನ ಹಿನ್ನೀರು" ಎಂದ.

"ಇಲ್ಲ, ಇದು ಹಳೇ ಕಲ್ಲುಗಣಿ. ಹೊಂಡಗಳಲ್ಲಿ ಮಳೆ ನೀರು ನಿಂತಿದೆ" ಎಂದ ಸರ್ವೇಯರ್ ಮೆತ್ತಗೆ. "ಇವತ್ತು ಗಾಳಿ ತಿರುಗಿದೆ ಅಂತ ಕಾಣುತ್ತೆ, ಸುತ್ತು ಹಾಕಿ ಹೋಗ್ತಿದ್ದಾರೆ. ಹಿನ್ನೀರು ಮುಂದೆ ಬರುತ್ತೆ."

"ಹಿನ್ನೀರೇ ಅದು. ನನಗೆ ಗೊತ್ತು."

"ನಿಮಗೆ ಅಲ್ಲಿಂದ ಏನೂ ಕಾಣಲ್ವಲ್ಲ ರೀ" ಎಂದಳು ಟೀಚರ್.

ಸ್ವಲ್ಪ ಹೊತ್ತಿಗೆ ಸರ್ವೇಯರ್ ಕಿಟಕಿಯ ಕಡೆ ಬಾಗಿ, "ಇಗೋ ನೋಡಿ, ನಿಮ್ಮ ಯಜಮಾನರು ಹೇಳಿದ ಹಿನ್ನೀರು ಈಗ ಬಂತು" ಎಂದ. ಕುಹಕವಿಲ್ಲದ ಮಾತು. ಟೀಚರ್ ಗಾಜಿಗೆ ಮುಖವಿಟ್ಟೇ ಜೋರಾಗಿ ನಕ್ಕಳು. ಮುಂದಿನ ಸಾಲಿನವರೂ ತಿರುಗಿ ಮುಗುಳ್ನಕ್ಕರು.

ಆ ನಗು ಅವನನ್ನು ಸುಟ್ಟಿತು. ಇಷ್ಟು ದಿನ ಕೂಡಿಟ್ಟುಕೊಂಡದ್ದನ್ನೆಲ್ಲ ಒಬ್ಬ ದಾರಿಹೋಕ ಬಂದು, ತನ್ನ ಕಣ್ಣೆದುರೇ, ತನ್ನ ಹೆಂಡತಿಗೆ ಹಂಚುತ್ತಿದ್ದಾನೆ. ಬೆಟ್ಟಗಳ ಸಾಲು ಬಂತು. ಯಾವ ಬೆಟ್ಟದ ನೆತ್ತಿಯಲ್ಲಿ ಗುಡಾರ ಹಾಕಿದ್ದೆ, ಯಾವುದರಲ್ಲಿ ಜೇನು ಕಚ್ಚಿ ಓಡಿದ್ದೆ ಎಂದು ಸರ್ವೇಯರ್ ಹೇಳಿದ. ಅವಳು ಹೌದಾ, ಆಮೇಲೆ ಎನ್ನುತ್ತಿದ್ದಳು. ಆ 'ಆಮೇಲೆ' ತನಗೆ ಎಂದಾದರೂ ಸಿಕ್ಕಿತ್ತೇ ಎಂದು ಸೈಲೆನ್ಸರ್ ನೆನೆಯಲು ನೋಡಿದ. ಬೆರಳು ಮಾಡಿ ತೋರಿಸುವಾಗ ಸರ್ವೇಯರನ ತೋಳಿಗೂ ಅವಳ ಭುಜಕ್ಕೂ ನಡುವೆ ಎಷ್ಟು ಜಾಗವಿದೆ ಎಂಬುದರ ಮೇಲೆಯೇ ಅವನ ಕಣ್ಣು ನೆಟ್ಟಿತ್ತು. ಜಾಗವಿತ್ತು. ಇತ್ತೆಂಬುದು ಅವನಿಗೂ ಕಾಣುತ್ತಿತ್ತು.

ಮುಖ ತೊಳೆದುಕೊಂಡು ಬರೋಣ ಎಂದು ಎದ್ದು ಹಿಂದಕ್ಕೆ ಹೋದ. ಅಲ್ಲಿ ಗಗನಸಖಿ ಲೋಟಗಳನ್ನು ಜೋಡಿಸುತ್ತಿದ್ದಳು. ಏನಾದರೂ ಬೇಕೇ ಎಂದು ಕೇಳಿದಳು. ನೀರು ಎನ್ನಬೇಕೆಂದಿದ್ದವನ ಬಾಯಿಂದ ಬಂದದ್ದೇ ಬೇರೆ.

"ಅಲ್ಲಿ ನಡುವಿನ ಸೀಟಲ್ಲಿ ಕೂತಿದ್ದಾನಲ್ಲ, ಅವನು ನನ್ನ ಹೆಂಡತಿಗೆ ತೊಂದರೆ ಕೊಡ್ತಿದ್ದಾನೆ."

ಅವಳ ಮುಖದ ಬಣ್ಣ ಬದಲಾಯಿತು. ಕೈಲಿದ್ದ ಲೋಟ ಕೆಳಗಿಟ್ಟು ಸರಸರ ಮುಂದೆ ನಡೆದಳು. ಬೇಡ, ನಿಲ್ಲಿ ಎನ್ನಲು ಅವನಿಗೆ ಸಮಯವಿತ್ತು. ಅನ್ನಲಿಲ್ಲ. ಶೌಚಾಲಯದ ಬಾಗಿಲಿಗೆ ಒರಗಿ ದೂರದಿಂದ ನೋಡುತ್ತಾ ನಿಂತ.

ಗಗನಸಖಿ ಬಗ್ಗಿ ಟೀಚರ್‌ಗೆ ಏನೋ ಕೇಳಿದಳು. ಟೀಚರ್ ಮೊದಲು ಅರ್ಥವಾಗದೆ ನಗುಮುಖದಲ್ಲೇ ನೋಡಿದಳು. ಮತ್ತೆ ಕೇಳಿದಾಗ ಆ ನಗು ಮುಖದ ಮೇಲೇ ಸತ್ತುಹೋಯಿತು. "ಯಾರು ಹೇಳಿದ್ದು?" ಎಂದದ್ದು ಹಿಂದಿನವರೆಗೂ ಕೇಳಿತು. ಗಗನಸಖಿಯ ಕಣ್ಣು ಹಿಂದಕ್ಕೆ ಹೊರಳಿತು. ಟೀಚರ್ ಎದ್ದು ನಿಂತು, ಅಷ್ಟೂ ಸಾಲುಗಳ ತಲೆಗಳ ಮೇಲಿಂದ ಗಂಡನನ್ನು ನೋಡಿದಳು. ಜನರೆಲ್ಲ ತಿರುಗಿದರು.

ಸರ್ವೇಯರ್ ಬೆಲ್ಟು ಬಿಚ್ಚಿದ. "ನನ್ನಿಂದ ತೊಂದರೆ ಆಗಿದ್ರೆ ಕ್ಷಮಿಸಿ ಅಮ್ಮಾ" ಎಂದ.

"ಸರ್, ನೀವು ಏಳಬೇಡಿ. ನಿಮ್ಮದೇನೂ ತಪ್ಪಿಲ್ಲ. ದಯವಿಟ್ಟು ಕೂತ್ಕೊಳ್ಳಿ."

ಆತ ಕೂರಲಿಲ್ಲ. ಚೀಲ ಎತ್ತಿಕೊಂಡು ಹಿಂದಿನ ಖಾಲಿ ಸೀಟಿಗೆ ಹೋಗುವಾಗ ಸೈಲೆನ್ಸರನಿಗೆ ಎದುರಾದ. ಇಕ್ಕಟ್ಟಿನ ದಾರಿಯಲ್ಲಿ ಸೈಲೆನ್ಸರನೇ ಪಕ್ಕಕ್ಕೆ ಸರಿದು ಜಾಗ ಬಿಡಬೇಕಾಯಿತು. ಆತನ ಕಿವಿಗಳು ಕೆಂಪಾಗಿದ್ದವು.

ಹೀಗೆ ನಡುವಿನ ಸೀಟು ಖಾಲಿಯಾಯಿತು. ಸೈಲೆನ್ಸರ್ ಬಂದು ಮೊದಲು ತನ್ನ ಜಾಗದಲ್ಲೇ ಕೂತ. ಟೀಚರ್ ಮುಖ ಕಿಟಕಿಗೆ ತಿರುಗಿಸಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನಡುವಿನ ಸೀಟಿಗೆ ಜರುಗಿದ. ಗಾಜಿನಾಚೆ ನೆಲ ಮುಗಿದು ನೀಲಿ ಶುರುವಾಗಿತ್ತು. ಅಂಚಿಗೆ ಬಿಳಿ ನೊರೆಯ ಗೆರೆ. ಅವನು ನಕ್ಷೆಯಲ್ಲಿ ಕಂಡದ್ದಕ್ಕಿಂತ ಸಾವಿರ ಪಾಲು ಚೆಂದವಿತ್ತು.

"ಸಮುದ್ರ ಬಂತು" ಎಂದ. "ಈಗ ದ್ವೀಪ ಬರುತ್ತೆ ನೋಡು. ದೀಪಸ್ತಂಭ ಇದೆ ಅದರಲ್ಲಿ. ನಿನಗೆ ತೋರಿಸಬೇಕು ಅಂತಲೇ..."

ಟೀಚರ್ ಕೈಯೆತ್ತಿ ಕಿಟಕಿಯ ಮುಚ್ಚಳವನ್ನು ಕೆಳಕ್ಕೆ ಎಳೆದಳು. ಜೋರಾಗಿ ಎಳೆಯಲಿಲ್ಲ. ಮಲಗಿದ ಮಗುವಿಗೆ ಬೆಳಕು ಬೀಳದಿರಲೆಂದು ಪರದೆ ಎಳೆಯುವ ಹಾಗೆ ಎಳೆದಳು. ಬಳಿಕ ಎದುರಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತಳು.

ಇಳಿಯುವ ಮೊದಲು ಮುಚ್ಚಳ ತೆರೆಯಬೇಕೆಂದು ಗಗನಸಖಿ ಬಂದು ಹೇಳಿದಳು. ಟೀಚರ್ ತೆರೆದು, ಕಣ್ಣು ಮುಚ್ಚಿಕೊಂಡಳು. ದ್ವೀಪ, ದೀಪಸ್ತಂಭ, ಮೀನುದೋಣಿಗಳು, ಎಲ್ಲ ಬಂದು ಹಿಂದೆ ಹೋದವು. ಅವನೊಬ್ಬನೇ ನೋಡಿದ.

ಕೆಳಗೆ ಪೆಟ್ಟಿಗೆಗಳು ಬರುವ ಜಾಗದಲ್ಲಿ ಸರ್ವೇಯರ್ ಒಂಟಿಯಾಗಿ ನಿಂತಿದ್ದ. ಸೈಲೆನ್ಸರ್ ಅವನ ಬಳಿ ಹೋದ. ಹೆಂಡತಿ ನೋಡಲಿ ಎಂದು ಹೋದನೋ, ನಿಜವಾಗಿಯೂ ಮನಸ್ಸು ಕುಟುಕಿತೋ, ಅವನಿಗೇ ಗೊತ್ತಿರಲಿಲ್ಲ. "ತಪ್ಪಾಯ್ತು ಸರ್" ಎಂದ.

ಸರ್ವೇಯರ್ ಬೆಲ್ಟಿನ ಮೇಲೆ ಸಾಗುತ್ತಿದ್ದ ಪೆಟ್ಟಿಗೆಗಳಿಂದ ಕಣ್ಣು ತೆಗೆಯಲಿಲ್ಲ. "ಅಷ್ಟು ಜನರ ಮುಂದೆ ಎದ್ದು ಹೋದವನು ನಾನು. ಇಲ್ಲಿ ಮೂಲೇಲಿ ನಿಂತು ತಪ್ಪಾಯ್ತು ಅಂದ್ರೆ ಅದು ಸರಿಹೋಗುತ್ತಾ ಹೇಳಿ" ಎಂದ. ತನ್ನ ಪೆಟ್ಟಿಗೆ ಬಂದೊಡನೆ ಎತ್ತಿಕೊಂಡು ಹೊರಟುಹೋದ.

ಅತಿಥಿಗೃಹದ ಕೋಣೆಯಿಂದ ಸಮುದ್ರ ಕಾಣುತ್ತಿತ್ತು. ಟೀಚರ್ ಬೇಕಾದಷ್ಟೇ ಮಾತಾಡುತ್ತಿದ್ದಳು. ಟವೆಲ್ ಎಲ್ಲಿ, ಊಟ ಬಂತು, ಬಾಗಿಲು ಹಾಕಿ. ಮಾತಿನ ಮಲ್ಲಿ ಹೀಗೆ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಮರುದಿನ ಮಧ್ಯಾಹ್ನ ಮರಳಿನ ಮೇಲೆ ಕೂತಿದ್ದಾಗ ಅವನೇ ಶುರುಮಾಡಿದ. "ನಾನು ಅದೆಲ್ಲ ಬಾಯಿಪಾಠ ಮಾಡಿದ್ದೆ ಕಣೇ. ಕೆರೆ, ಬೆಟ್ಟ, ಎಲ್ಲಾ. ನಾನು ಹೇಳಬೇಕು ಅಂತಿದ್ದೆ. ಅವನು ಬಂದು..."

"ನೀವು ಹೇಳಿದ್ರೆ ನಾನು ಕೇಳ್ತಿರಲಿಲ್ವಾ?"

ಅವನು ಮರಳಿನಲ್ಲಿ ಗೆರೆ ಎಳೆಯುತ್ತಾ ಕೂತ.

"ನಿಮಗೊಂದು ವಿಷಯ ಹೇಳ್ತೀನಿ" ಎಂದಳು ಅವಳು, ನೀರಿನ ಕಡೆ ನೋಡುತ್ತಾ. "ಮದುವೆಯಾದಾಗಿಂದ ನಾನು ಯಾರ ಜೊತೆ ನಗಬೇಕಾದ್ರೂ ಮೊದಲು ನಿಮ್ಮ ಮುಖ ನೋಡ್ತೀನಿ. ನಗಬಹುದಾ, ಬೇಡವಾ ಅಂತ. ಟೈಲರ್ ಹತ್ರ ಹೋದ್ರೂ ಅಷ್ಟೇ, ನನ್ನ ತಮ್ಮನ ಸ್ನೇಹಿತರು ಬಂದ್ರೂ ಅಷ್ಟೇ. ನಿನ್ನೆ ಮೇಲೆ ಹೋದಾಗ ಖುಷೀಲಿ ಮರೆತೇಬಿಟ್ಟೆ. ಒಂದು ಗಳಿಗೆ ನಿಮ್ಮ ಮುಖ ನೋಡೋದು ಮರೆತೆ. ಅಷ್ಟಕ್ಕೆ ನೋಡಿ, ಒಬ್ಬ ಮನುಷ್ಯನ ಮರ್ಯಾದೆ ಹೋಯ್ತು."

ಬೈದಿದ್ದರೆ ಅವನು ಮುಖ ಊದಿಸಿಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಅಲೆಯೊಂದು ಬಂದು ಅವರ ಚಪ್ಪಲಿಗಳನ್ನು ನೆನೆಸಿತು. ಅವನು ಎದ್ದು ಎರಡು ಜೊತೆಯನ್ನೂ ಎತ್ತಿ ಮೇಲಕ್ಕಿಟ್ಟು ಬಂದು ಮತ್ತೆ ಕೂತ.

ವಾಪಸು ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ಅವನೊಬ್ಬನೇ ಕೌಂಟರಿಗೆ ಹೋದ. ಬಲಗಡೆ, ರೆಕ್ಕೆಯ ಮುಂದೆ, ಕಿಟಕಿ ಪಕ್ಕದ್ದೊಂದು ಬೇಕು ಎಂದ. "ಪಕ್ಕದ್ದು ನಿಮಗಾ ಸರ್?" ಎಂದು ಕೌಂಟರಿನ ಹುಡುಗಿ ಕೇಳಿದಳು. ಅವನು ತಡೆದ. ಹೂಂ ಎನ್ನುವ ಆಸೆ ನಾಲಿಗೆಯ ತುದಿಗೆ ಬಂದಿತ್ತು.

"ಬೇಡ. ನನಗೆ ಎಲ್ಲಾದ್ರೂ ಹಿಂದೆ ಕೊಡಿ."

ಬೋರ್ಡಿಂಗ್ ಪಾಸ್ ನೋಡಿ ಟೀಚರ್ ಹುಬ್ಬು ಗಂಟಿಕ್ಕಿದಳು. "ಇದೇನು, ನೀವು ಕೊನೇ ಸಾಲಲ್ಲಿ?"

"ಅಲ್ಲಿ ಕೂತ್ರೆ ನನ್ನ ಮುಖ ನಿನಗೆ ಕಾಣಲ್ಲ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು.

ಕೊನೆಯ ಸಾಲಿಗೆ ಕಿಟಕಿಯೇ ಇರಲಿಲ್ಲ, ಬರಿಯ ಗೋಡೆ. ಒಂದು ಕಡೆ ನಿದ್ದೆ ಹೋದ ದಪ್ಪ ಮನುಷ್ಯ, ಇನ್ನೊಂದು ಕಡೆ ಕೆಮ್ಮುವ ಅಜ್ಜಿ, ನಡುವೆ ಮಂಡಿ ಮಡಚಿಕೊಂಡು ಸೈಲೆನ್ಸರ್. ಸೀಟುಗಳ ಬೆನ್ನುಗಳಾಚೆ ಅವಳ ತಲೆಯೂ ಕಾಣುತ್ತಿರಲಿಲ್ಲ. ಅವಳ ಪಕ್ಕ ಯಾರು ಬಂದು ಕೂತರು? ಹತ್ತುವಾಗ ಇಣುಕಿದ್ದರೆ ತಿಳಿಯುತ್ತಿತ್ತು, ಆದರೆ ಅವನು ಬೇಕೆಂದೇ ತಲೆ ತಗ್ಗಿಸಿ ಬಂದಿದ್ದ. ಈಗ ಅದೇ ಹುಳವಾಗಿ ಕೊರೆಯತೊಡಗಿತು. ಗಂಡಸೋ, ಹೆಂಗಸೋ? ಹುಡುಗನೋ? ಅಜ್ಜಿ ನೀರು ಕೇಳಿದಾಗ ಗಗನಸಖಿಯನ್ನು ಕರೆಯಲು ಎದ್ದವನು ಒಂದು ಕ್ಷಣ ಮುಂದೆ ನೋಡಲು ಹೋಗಿ, ಹಾಗೇ ಕೂತುಬಿಟ್ಟ.

ಬೆಟ್ಟಗಳ ಮೇಲೆ ಹೋಗುತ್ತಿರಬೇಕು, ಆಗ ಕೇಳಿತು. ಎಂಜಿನ್ನಿನ ಮೊರೆತದ ಮೇಲೆ, ಅಷ್ಟು ದೂರದಿಂದ, ಅವಳ ನಗು. ತಡೆಯಿಲ್ಲದೆ, ಪೂರ್ತಿಯಾಗಿ. ಅವನು ಎರಡೂ ಕೈಗಳಿಂದ ಸೀಟಿನ ತೋಳು ಹಿಡಿದುಕೊಂಡ. ಅಜ್ಜಿ ನೋಡಿ, "ಹೆದರಿಕೆ ಆಗುತ್ತೇನಪ್ಪಾ? ಇನ್ನೇನು ಇಳಿದುಬಿಡ್ತೀವಿ" ಎಂದು ಅವನ ಕೈ ತಟ್ಟಿದಳು. ಅವನು ಹೌದೆಂದು ತಲೆಯಾಡಿಸಿದ.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಪಕ್ಕಪಕ್ಕ ಜಾಗ ಸಿಕ್ಕಿತು. ಟೀಚರ್ ತಾನಾಗಿಯೇ ಶುರುಮಾಡಿದಳು. ದ್ವೀಪ ಕಂಡಿತಂತೆ, ದೀಪಸ್ತಂಭ ನೆಟ್ಟ ಸೀಮೆಸುಣ್ಣದ ಹಾಗಿತ್ತಂತೆ. ನದಿ ಸಮುದ್ರಕ್ಕೆ ಸೇರುವಲ್ಲಿ ನೀರು ಎರಡು ಬಣ್ಣವಾಗಿತ್ತಂತೆ. ಬೆಟ್ಟದ ಮೇಲೆ ಇವರ ವಿಮಾನದ್ದೇ ಪುಟ್ಟ ನೆರಳು ಓಡುತ್ತಿತ್ತಂತೆ. ಹೇಳುತ್ತಾ ಹೇಳುತ್ತಾ ಅವಳ ಕೈಗಳು ಹಾರಾಡತೊಡಗಿದವು. ಅವನು ಅವಳ ಬಾಯಿಯನ್ನೇ ನೋಡುತ್ತಾ ಕೇಳಿದ. ನೆರಳನ್ನು ಮೊದಲು ತೋರಿಸಿದ್ದು ಯಾರು ಎಂಬ ಪ್ರಶ್ನೆ ಗಂಟಲವರೆಗೆ ಬಂದಾಗಲೆಲ್ಲ ಎಂಜಲು ನುಂಗಿದ.

ಮನೆ ತಲುಪಿದರು. ಮಗಳಿಗೆ ಮತ್ತೊಮ್ಮೆ ಎಲ್ಲ ವರ್ಣನೆಯಾಯಿತು. ಊಟವಾಯಿತು. ಟೀಚರ್ ಚೀಲ ಖಾಲಿ ಮಾಡಿ ಬಟ್ಟೆ ಮಡಚುತ್ತಿದ್ದಾಗ ಅವನು ಬಾಗಿಲ ಬಳಿ ಬಂದು ನಿಂತ. ಎಷ್ಟೇ ಆಗಲಿ ಮನುಷ್ಯ.

"ಅಲ್ಲ, ಸುಮ್ಮನೆ ಕೇಳ್ತೀನಿ. ನಿನ್ನ ಪಕ್ಕ ಯಾರು ಕೂತಿದ್ರು?"

ಅವಳು ಅಂಗಿಯ ತೋಳುಗಳನ್ನು ಒಳಕ್ಕೆ ಮಡಚಿ, ಕಾಲರು ಸರಿಮಾಡಿ, ಕಪಾಟಿನಲ್ಲಿಟ್ಟಳು. "ಇಲ್ಲಿತನಕ ತಡೆದುಕೊಂಡ್ರಲ್ಲ, ಪರವಾಗಿಲ್ಲ" ಎಂದಳು. ದನಿಯಲ್ಲಿ ಹಳೆಯ ತಮಾಷೆಯ ಎಳೆಯೊಂದಿತ್ತು. ಉತ್ತರ ಮಾತ್ರ ಕೊಡಲಿಲ್ಲ. ಆಮೇಲೂ ಅವನು ಒಂದೆರಡು ಸಲ ಸುತ್ತಿಬಳಸಿ ಕೇಳಿ ನೋಡಿದ. ಅವಳು ಹೇಳಲಿಲ್ಲ, ಅವನಿಗೆ ಇವತ್ತಿಗೂ ಗೊತ್ತಿಲ್ಲ.